ತೊಳೆದ ಹಲ್ಲು

ರುಸ್ತಾವಿಯ ಉಕ್ಕಿನ ಕಾರ್ಖಾನೆ ಹಿಂದಿನ ರಗ್ಬಿ ಮೈದಾನದಲ್ಲಿ
ನನ್ನ ಮುಂದಿನ ಹಲ್ಲು ಬಿದ್ದದ್ದು ಕೆಸರಿಗೆ.
ಮಂಡಿಯೂರಿ ಹುಡುಕಿದಿರಿ, ಗೋಚಾ ಮೇಷ್ಟ್ರೇ,
ಮದುವೆಯುಂಗುರ ಕಳಕೊಂಡವರ ಹಾಗೆ.

ಸಿಕ್ಕಿತು.
ನಲ್ಲಿಯ ಕೆಳಗೆ ಹಿಡಿದು ತಿಕ್ಕಿದಿರಿ, ಬೇರು ಹೊಳೆಯುವ ತನಕ,
ಅಂಗಿಯ ತುದಿಯಲ್ಲಿ ಒರೆಸಿ
ಸಿಗರೇಟು ಪ್ಯಾಕಿನ ಬೆಳ್ಳಿಕಾಗದದಲ್ಲಿ ಸುತ್ತಿ
ಜೋಪಾನ, ಅಂದಿರಿ.

ಉಳುಕಿದ ಕಾಲು, ಜಾರಿದ ಭುಜ
ಕಣ್ಣುಮುಚ್ಚಿ ಸರಿಮಾಡುತ್ತಿದ್ದ ಕೈ ಅದು.
ಹಲ್ಲಿನ ಬಗ್ಗೆ ಯಾರೂ ಹೇಳಿಕೊಟ್ಟಿರಲಿಲ್ಲ.
ಡಾಕ್ಟರು ಕಾಗದ ಬಿಚ್ಚಿ, ತುಸು ಹೊತ್ತು ಸುಮ್ಮನಿದ್ದು,
ಇಷ್ಟು ಚೊಕ್ಕ ಮಾಡಬಾರದಿತ್ತು ಅಂದರು.

ಈಗ ಸೀಟಿ ನನ್ನ ಕೊರಳಲ್ಲಿದೆ.
ಹದಿನಾಲ್ಕರ ಹುಡುಗರಿಗೆ ಪಾಸು ಕಲಿಸುವ ಮೊದಲೇ ಹೇಳುತ್ತೇನೆ:
ಬೇರು ಮುಟ್ಟಬೇಡಿ, ಬಿಳಿ ತುದಿ ಹಿಡಿಯಿರಿ,
ಕೆಸರಿದ್ದರೆ ಹಾಲಲ್ಲೊಮ್ಮೆ ಅದ್ದಿ
ಅದರ ಗುಳಿಗೇ ಕೂರಿಸಿ, ಕರವಸ್ತ್ರ ಕಚ್ಚಿ, ಓಡಿ.
ಕೂರಿಸಲಾಗದಿದ್ದರೆ ಹಾಲಲ್ಲೇ ಮುಳುಗಿಸಿ ಓಡಿ.
ನಗುತ್ತಾರೆ. ನಾನೂ ನಗುತ್ತೇನೆ.
ಪಿಂಗಾಣಿಯದು ಒಂದು ಚೂರು ಹೆಚ್ಚೇ ಹೊಳೆಯುತ್ತದೆ.

ಪ್ರತಿ ಶನಿವಾರ ಚೀಲದಲ್ಲಿ ಅರ್ಧ ಲೀಟರ್ ಹಾಲು.
ಪಂದ್ಯ ಮುಗಿದ ಮೇಲೆ
ಎಲ್ಲರ ಬಾಯಿ ಒಮ್ಮೆ ನೋಡಿ
ಪ್ಯಾಕೆಟ್ಟು ಹರಿದು ಗೇಟಿನ ಬೆಕ್ಕಿಗೆ ಸುರಿಯುತ್ತೇನೆ.
ಈ ವರ್ಷ ಅದು ಚೆನ್ನಾಗಿ ದಪ್ಪಗಾಗಿದೆ, ಮೇಷ್ಟ್ರೇ.