ನಿಂತ ನೀರಿನ ಲೆಕ್ಕ

ಬೆಲ್ಲದ ಮಂಡಿಯ ಹಿಂದಿನ ಬೀದಿಗೆ ಕಾಲಿಟ್ಟರೆ
ಮಕ್ಕಳು ಕೂಗುತ್ತವೆ: ಸೊಳ್ಳೆಯಕ್ಕ ಬಂದ್ಲು, ಸೊಳ್ಳೆಯಕ್ಕ!
ಕೊರಳ ಕಾರ್ಡಿನಲ್ಲಿ ಕೆಂಪಾಜಮ್ಮ ಅಂತಿದೆ,
ಯಾರೂ ಓದಿದ್ದಿಲ್ಲ.
ಕೈಯಲ್ಲಿ ಟಾರ್ಚು, ಒಂದು ಬಿಳಿ ಬಟ್ಟಲು,
ಸೆರಗಿನ ತುದಿಗೆ ಗಂಟು ಹಾಕಿದ ಸೀಮೆಸುಣ್ಣ.

ಎಂಟಕ್ಕೇ ಕಬ್ಬಿನ ಟ್ರ್ಯಾಕ್ಟರುಗಳು ಸಾಲು ನಿಂತಿರುತ್ತವೆ.
ಗಾಳಿಗೆ ಹುಳಿತ ಬೆಲ್ಲದ ವಾಸನೆ.
ಮೋರಿಯ ಮೇಲಿನ ಚಪ್ಪಡಿ ಮುರಿದು
ಎರಡು ಮಳೆಗಾಲ ಕಳೆಯಿತು.

ಜನ ದೇವರ ಮನೆ ತೋರಿಸುತ್ತಾರೆ, ಟಿವಿ ತೋರಿಸುತ್ತಾರೆ.
ನಾನು ಕೇಳುವುದು ಬಚ್ಚಲು.
ನೆಂಟರಿಗೆ ತೋರಿಸದ ಜಾಗಗಳೇ ನನ್ನ ಊರು:
ಫ್ರಿಜ್ಜಿನ ಬೆನ್ನ ಹಿಂದಿನ ತಟ್ಟೆ,
ತಾರಸಿಯಲ್ಲಿ ಒರಗಿಸಿಟ್ಟ ಲಾರಿ ಟೈರು,
ಕೋಳಿಗಿಟ್ಟ ಮಡಕೆ ಚೂರು,
ತೀರಿಹೋದ ಮಾವನ ಹಲ್ಲುಸೆಟ್ಟಿನ ಲೋಟ,
ಅದರಲ್ಲೂ.

ಬಗ್ಗಿ ಬೆಳಕು ಬಿಟ್ಟರೆ
ನೀರು ಒಂದು ಗಳಿಗೆ ಉಸಿರು ಬಿಗಿಹಿಡಿಯುತ್ತದೆ.
ಆಮೇಲೆ ಕೊಂಕುತ್ತ ಕೆಳಗಿಳಿಯುತ್ತವೆ
ಅಲ್ಪವಿರಾಮಗಳು.
ಎಂಟು ದಿನ ಬಿಟ್ಟರೆ ಸಾಕು,
ಆ ವಾಕ್ಯ ಯಾರ ಮನೆಯಲ್ಲಿ ಮುಗಿಯುತ್ತದೋ.

ಜವರಮ್ಮನ ಮನೆಯಲ್ಲಿ ನಾಲ್ಕು ಡ್ರಮ್ಮು.
ನೀಲಿ, ನೀಲಿ, ನೀಲಿ, ಒಂದು ಪೇಂಟಿನದು.
ಚೆಲ್ಲಬೇಕು ಅಂದೆ.
ಆಕೆ ಡ್ರಮ್ಮನ್ನು ಅಪ್ಪಿಕೊಂಡು ನಿಂತಳು:

"ಚೆಲ್ಲವ್ವ, ಚೆಲ್ಲು.
ಐದ್ ದಿನಕ್ಕೊಂದ್ ಸಲ ಬತ್ತದೆ, ಅದೂ ರಾತ್ರಿ ಮೂರ್ ಗಂಟೇಲಿ.
ಆ ವಾಲ್ವ್ ತಿರುಗ್ಸೋನ್ ತಾವ್ಕೂ ನಿನ್ ಬಟ್ಲು ತಕ್ಕೊಂಡೋಗು,
ಅವನ್ ತಲೇಲೇನಾದ್ರೂ ಹುಳ ಅದಾ ನೋಡು."

ನಕ್ಕೆ. ನಗು ನಿಂತ ಮೇಲೆ
ನನ್ನ ಹಾಳೆಯಲ್ಲಿ ಆ ಮಾತಿಗೊಂದು ಕಾಲಮ್ಮು ಹುಡುಕಿದೆ.
ಮನೆ ಸಂಖ್ಯೆ ಇದೆ, ಪಾತ್ರೆ ಸಂಖ್ಯೆ ಇದೆ,
ಹುಳ ಇದೆಯೋ ಇಲ್ಲವೋ ಇದೆ.
ನೀರು ಯಾವತ್ತು ಬರುತ್ತದೆ ಎಂಬುದಕ್ಕೆ ಜಾಗವಿಲ್ಲ.
ಅಂಚಿನಲ್ಲಿ ಅಡ್ಡಡ್ಡ ಬರೆದೆ.

ಚೆಲ್ಲಲಿಲ್ಲ. ಹಳೆ ಪಂಚೆ ನಾಲ್ಕು ಮಡಿಕೆ ಮಾಡಿ
ಇಬ್ಬರೂ ಸೋಸಿದೆವು.
ಪಂಚೆಯಲ್ಲಿ ಉಳಿದದ್ದು ಬಿಸಿಲಿಗೆ, ಕೋಳಿಗೆ ಹಬ್ಬ.
ಉಪ್ಪಿನಕಾಯಿ ಜಾಡಿಗೆ ಕಟ್ಟುವ ಹಾಗೆ
ಡ್ರಮ್ಮಿನ ಬಾಯಿಗೆ ಬಟ್ಟೆ ಬಿಗಿದು
ಆಕೆಯೇ ಗಂಟು ಹಾಕಿದಳು, ಎರಡು ಸುತ್ತು.

ಮೂರು ಬಾಗಿಲು ಆಚೆ ತಸ್ಲೀಮಾ.
ನೆಲ ಒರೆಸಿದ ಒದ್ದೆ ಇನ್ನೂ ಆರಿರಲಿಲ್ಲ.
ಬೋರಲು ಹಾಕದ ಒಂದು ಪಾತ್ರೆಯಿಲ್ಲ, ಒಂದು ಚಿಪ್ಪಿಲ್ಲ.
ಮಗ ಉಜೈರ್ ಆಸ್ಪತ್ರೆಯಲ್ಲಿ ಐದನೇ ದಿನ.
"ನಮ್ಮನೇಲಿ ಎಲ್ಲಿತ್ತು ಅಕ್ಕ?" ಅಂದಳು,
ನಾನೇ ಬಚ್ಚಿಟ್ಟಿದ್ದೇನೆ ಎಂಬ ಹಾಗೆ.

ಸೊಳ್ಳೆ ಹಾರುವುದು ನೂರೋ ಇನ್ನೂರೋ ಹೆಜ್ಜೆ.
ಅಷ್ಟರೊಳಗೆ ಮಲಗುವವರೆಲ್ಲ ಒಂದೇ ಮನೆಯವರು,
ಒಲೆ ಬೇರೆ, ಗೋಡೆ ಬೇರೆ, ಮಾತಿಲ್ಲದೆ ವರ್ಷವಾಗಿರಲಿ.
ಇದನ್ನು ಅವಳಿಗೆ ಹೇಳಲು ಹೋಗಿ
ನೀರು ಕೇಳಿ ಕುಡಿದೆ. ಕಾಯಿಸಿ ಆರಿಸಿದ ನೀರು.
ಹೊರಗೆ ಬಂದು ಬಾಗಿಲ ಪಕ್ಕ ತಾರೀಕು ಬರೆದು
ಹುಳ ಇಲ್ಲ, ಅಂತ ಬರೆಯುವಾಗ
ಸೀಮೆಸುಣ್ಣ ಮುರಿಯಿತು.
ತುಂಡನ್ನು ಯಾವುದೋ ಮಗು ಎತ್ತಿಕೊಂಡು ಓಡಿತು.

ಮುಂದಿನ ಗುರುವಾರ ಬಂದಾಗ
ಬೀದಿ ತಿರುವಿನ ವಾಲ್ವ್ ಗುಂಡಿಯ ಕಲ್ಲಿನ ಮೇಲೆ,
ನನ್ನದಲ್ಲದ ಡೊಂಕು ಅಕ್ಷರದಲ್ಲಿ,
ತಾರೀಕು. ಕೆಳಗೆ: ಹುಳಾ ಇದೆ.
ಜಗಲಿಯಿಂದ ಜವರಮ್ಮ ಎಲೆಯಡಿಕೆ ಉಗಿದು
ಬೇರೆ ಕಡೆ ನೋಡಿದಳು.

ಕಲ್ಲು ಸರಿಸಿದೆವು. ಟಾರ್ಚು ಬಿಟ್ಟೆ.
ಮೊಣಕಾಲುದ್ದ ನೀರು,
ಕಪ್ಪಗೆ, ನಿಶ್ಚಿಂತೆಯಾಗಿ.
ಇದ್ದವು. ಪುಟಗಟ್ಟಲೆ ಇದ್ದವು.

ಮನೆ ಸಂಖ್ಯೆ ಎಂಬಲ್ಲಿ ಸೊನ್ನೆ ಹಾಕಿದೆ.
ಯಜಮಾನರ ಹೆಸರು ಎಂಬಲ್ಲಿ,
ಮಕ್ಕಳು ನನ್ನ ತೋಳಿಗೆ ಆತುಕೊಂಡು ನೋಡುತ್ತಿದ್ದವು,
ನಗರಸಭೆ ಎಂದು ಒತ್ತಿ ಬರೆದೆ,
ಕಾರ್ಬನ್ನಿನ ಕೆಳಗಿನ ಹಾಳೆಗೂ
ಮೂಡುವ ಹಾಗೆ.