ಹನ್ನೊಂದ ಇಂಚು

ಬಾಗಿಲಾ ಎಂಟ ಫೂಟ ಎರಡ ಇಂಚು.
ಟ್ರೇಲರ್ ಮ್ಯಾಲೆ ಬೋಟು, ಬೋಟಿನ ಮ್ಯಾಲೆ ಚಪ್ಪರ,
ಒಟ್ಟು ಒಂಬತ್ತ ಫೂಟ ಒಂದ.
ಮೂರ ಸಲ ಅಳದೆ. ಟೇಪು ಸುಳ್ಳು ಹೇಳಂಗಿಲ್ಲ.
ಕೈತಾನ್ ಮಾತ್ರ ನಾಕನೇ ಸಲ ಅಳಿ ಅಂದ.

ಚಿಖಲಿ ಜೆಟ್ಟಿಯೊಳಗ ಮೇ ಮುಗ್ಯಾಕ ಆರ ದಿನ.
ಮುಗಿಲಿಗೆ ಆಗಲೇ
ಕಾಸಿ ಆರಿಸಿದ ಕಬ್ಬಿಣದ ಬಣ್ಣ.
ಡಾಲ್ಫಿನ್ ತೋರಿಸೂ ಬೋಟು, ಹನ್ನೆರಡ ಕುರ್ಚಿ,
ನೆತ್ತಿ ಮ್ಯಾಲೆ ಸ್ಟೀಲ್ ಪೈಪಿನ ಚೌಕಟ್ಟು, ನೀಲಿ ತಾಡಪತ್ರಿ.
ಹೋದ ವರ್ಷ ಹೊರಗ ನಿಂದ್ರಿಸಿದ್ದ;
ಗಾಳಿ ಮಳಿಗೆ ತೆಂಗಿನ ಹೆಡಲು ಬಿದ್ದು
ಎಂಜಿನ್ನಿನ ಬುರುಡಿ ಒಡದಿತ್ತು.
ಈ ಸಲ ಒಳಗ, ಅಜ್ಜನ ಉಪ್ಪಿನ ಗೋದಾಮಿನ್ಯಾಗ.

"ಕಮಾನ ಒಡಿ" ಅಂದ ಕೈತಾನ್.
ಅವನ ಅತ್ತಿ ಪಿಯೆದಾದ್ ಬಾಯಿ
ಕಮಾನಿನ ಕೆಳಗ ಕುರ್ಚಿ ಹಾಕ್ಕೊಂಡು ಕುಂತಳು,
ತೊಡಿ ಮ್ಯಾಲೆ ಬಂಗಡಿ ಮೀನಿನ ಪುಟ್ಟಿ.
ಒಂದ ಮಾತೂ ಆಡಲಿಲ್ಲ.
ಮೀನು ಹಸನ ಮಾಡಿ ಮುಗಿಸಿದ ಮ್ಯಾಲೂ ಏಳಲಿಲ್ಲ.
ಕಮಾನ ಉಳೀತು.

"ಹಂಗಾರ ನೆಲಾ ಅಗಿ."
ದಾವಲ್ ನಾನು ಒಂದ ಮೊಳ ಅಗದ್ವಿ.
ಭರತಿ ಬಂದಾಗ ಕುಣ್ಯಾಗ ನೀರು,
ನೀರಿನ್ಯಾಗ ಬಟ್ಟಿನಷ್ಟ ಒಂದ ಏಡಿ,
ಮನಿ ತಂದ ಅನ್ನೂಹಂಗ
ಚಿಮಟಾ ಎತ್ತಿ ನಿಂತಿತ್ತು.
ಮತ್ತ ಮುಚ್ಚಿದ್ವಿ.

ಟೈರಿನ ಗಾಳಿ ಬಿಟ್ವಿ. ಎರಡ ಇಂಚು ಇಳೀತು.
ಒಂಬತ್ತ ಉಳೀತು.
ಒಂಬತ್ತ ಅಂದ್ರ ಒಂದ ಗೇಣು.
ಗೇಣ ಜಾಗಾದ ಸಲುವಾಗಿ ನಮ್ಮ ಊರಾಗ
ಎಷ್ಟ ಮಂದಿ ಕೋರ್ಟು ಹತ್ತಿ ಇಳದಾರ!

ನನಗ ಗಿಡ್ಡ ಬಾಗಿಲಾ ಗೊತ್ತು.
ಝುವಾರಿ ನಗರದಾಗ ನನ್ನ ಖೋಲಿಗೆ ತಗಡಿನ ಚೌಕಟ್ಟು,
ನಾನು ಆರ ಫೂಟ ಒಂದ.
ಮೊದಲನೇ ವರ್ಷ ಹಣಿ ಮ್ಯಾಲೆ ದಿನಾ ಒಂದ ಬುಗುಟು.
ಎರಡನೇ ವರ್ಷ ಕುತಗಿ ತಾನಾಗೇ ಕಲೀತು.
ಈಗ ಬಯಲಾಗ ನಡದ್ರೂ ಒಮ್ಮೊಮ್ಮೆ ಬಗ್ಗತೀನಿ,
ದಾವಲ್ ನಗತಾನ.

"ಚಪ್ಪರ ಕೊಯ್ಯೂಣು" ಅಂದೆ.
ಕೈತಾನ್ ಮಾರಿ ಸಣ್ಣದಾತು.
ಕೊಯ್ಯೂದಂದ್ರ ಕೆಡಸೂದಲ್ರಿ,
ನೆಟ್ಟಗ ನಿಂತ ಕಾಲಿಗೆ ಕೀಲು ಕೂಡಸೂದು.
ನಾಕೂ ಕಾಲಿಗೆ ಬುಡದಾಗೊಂದು ಬಿಜಾಗರಿ, ತುದಿಗೊಂದು;
ನಿಂತಾಗ ಬೀಳದಂಗ ಎರಡೂ ಕಡೆ ಓರೆ ಪೈಪು,
ಪೈಪಿಗೆ ಪಿನ್ನು,
ಪಿನ್ನು ಕಳೀಬಾರದಂತ ಸಣ್ಣ ಸರಪಳಿ.

ಆರ್ಗಾನ್ ಹಚ್ಚಿದೆ. ಗಾಜಿನ ಆಚೆ ಜಗತ್ತೆಲ್ಲಾ ಹಸರು.
ಬೆಸಗಿ ಅಂಚಿಗೆ ಮೊದಲು ಜೇನಿನ ಬಣ್ಣ,
ಆಮ್ಯಾಲೆ ಪಾರಿವಾಳದ ಕೊರಳಿಂದು.
ಬಿಸಿ ಆರೂದ್ರಾಗ ಮೊದಲನೇ ಹನಿ ಬಿದ್ದು
ಚುಂಯ್ ಅಂತು.
ನಾಕ ಮಂದಿ ಹಿಡದು ಹಿಂದಕ್ಕ ದೂಕಿದ್ವಿ,
ಉಳಿಮಿ ಮುಗಿಸಿದ ಎತ್ತಿನಂಗ
ಚಪ್ಪರ ಕುರ್ಚಿಗಳ ಮ್ಯಾಲೆ ಮಲಗಿತು.
ಬೋಟು ಕಮಾನ ದಾಟಿ ಹೋಗೂವಾಗ
ನಡುವ ಎರಡ ಬಟ್ಟು ಬೆಳಕು.
ಪಿಯೆದಾದ್ ಬಾಯಿ ಅದನ್ನ ನೋಡಿ
ಕುರ್ಚಿ ಎತಗೊಂಡು ಒಳಗ ಹೋದಳು.

ನಾರಳಿ ಹುಣ್ಣಿವಿ ಆದ ಮ್ಯಾಲೆ ಫೋನು.
ಪಿನ್ನು ಜಂಗ ಹಿಡದೈತೇನು ಅಂದೆ.
"ಪಿನ್ನು ಚಲೋ ಐತಿ. ನೀ ಬಾ."
ಹೋದೆ. ತಾಡಪತ್ರಿ ಮಡಿಕಿಯೊಳಗ,
ಕುರ್ಚಿ ಬೆನ್ನಿಗೂ ಪೈಪಿಗೂ ನಡುವ ಉಳದ ಗೇಣಿನ್ಯಾಗ,
ಕೆಂಪ ಕೋಳಿ ಕಾವಿಗೆ ಕುಂತಿತ್ತು,
ಒಂದ ಕಣ್ಣಿಲೆ ನನ್ನ ಪಾನಾ ನೋಡಕೋತ.
ಒಂಬತ್ತೋ ಹತ್ತೋ ತತ್ತಿ, ಎಣಸಾಕ ಬಿಡಲಿಲ್ಲ.

"ಇನ್ನಾ ಎಂಟ ದಿನ"
ಅಂತ ಬಾಯಿ ಈಗ ಬಾಯಿಬಿಟ್ಟಳು.
ಹೊರಗ ಬಿಸಲು, ಟೊಪಗಿ ಹಾಕಿದ ಮಂದಿ,
ಗಾಳಿ ಹೊಡಿಯೂ ಪಂಪು ಹಿಡಕೊಂಡು ಕೈತಾನ್:
ಎಂಟೋ, ಹತ್ತೋ, ನೀ ಖರೇ ಹೇಳು.
ಟೇಪಿಗೆ ಸಿಗೂ ಲೆಕ್ಕಲ್ಲದು.
ಪಾನಾ ಕಿಸೆದಾಗ ಇಟ್ಟು
ಬಗ್ಗಿ ಹೊರಗ ಬಂದೆ.

ಕಮಾನ ನನ್ನ ನೆತ್ತಿಗಿಂತ
ಎರಡ ಫೂಟ ಎತ್ತರ ಐತಿ.