ಸುಳ್ಳು ನೋವು

ಬಲೆ ಮಾರಿದ್ದು ನಾನೇ. ಯಾರೂ ಕೈ ತಿರುಚಲಿಲ್ಲ.
ಮಲಾವಿ ಸರೋವರದ ದಂಡೆಯಲ್ಲಿ ಉಸಿಪಾ ಮೀನು
ಬೆಳ್ಳಿ ಚೂರಿನಂತೆ ಒಣಗುತ್ತಿದ್ದ ತಿಂಗಳು
ಬೋಧಕ ವೈಸನ್ ಕರಿಹಲಗೆಯ ಮೇಲೆ
ದಾನಿಯೇಲನ ವಾರಗಳನ್ನು ಕೂಡಿಸಿದ, ಕಳೆದ,
ಮೃಗದ ಕೊಂಬುಗಳನ್ನು ಬೆರಳಲ್ಲಿ ಎಣಿಸಿದ.
ಕೊನೆಗೆ ಒಂದು ಗುರುವಾರ ಉಳಿಯಿತು.

ಲೆಕ್ಕ ಎಷ್ಟು ಚೊಕ್ಕವಾಗಿತ್ತೆಂದರೆ
ಅದರೊಳಗೆ ದೇವರಿಗೂ ಮಿಸುಕಲು ಜಾಗವಿರಲಿಲ್ಲ.

ಬಲೆಯ ಹಿಂದೆಯೇ ದೋಣಿ ಹೋಯಿತು, ಅರ್ಧ ಬೆಲೆಗೆ.
ಕೊಂಡವನು ಬೋಧಕನ ಭಾವಮೈದುನ.
ನಾಳೆಯೇ ಇಲ್ಲದ ಲೋಕದಲ್ಲಿ
ಇವನಿಗೇಕೆ ದೋಣಿ ಎಂದು
ನನಗೆ ಆಗ ಹೊಳೆಯಲಿಲ್ಲ.

ಆ ರಾತ್ರಿ ಗುಡ್ಡದ ಮೇಲೆ ಅರವತ್ತು ಜನ,
ಒಗೆದ ಬಿಳಿ ಬಟ್ಟೆ, ಉಪವಾಸದ ಬಾಯಿವಾಸನೆ.
ಸರೋವರ ನಮಗೆ ಬೆನ್ನು ಹಾಕಿ ಮಲಗಿತ್ತು.
ನೀರಿನಿಂದ ಹುಳಗಳ ಮೋಡವೊಂದು
ಬೆಳದಿಂಗಳಲ್ಲಿ ಕಂಬದಂತೆ ಎದ್ದಾಗ
"ಬಂದ!" ಎಂದು ಕಿರುಚಿ ಯಾರೋ ಬಿದ್ದರು.
ಹುಳ ಬಾಯಿಗೆಲ್ಲ ಹೊಕ್ಕವು.
ಉಗಿದು, ಮತ್ತೆ ಹಾಡಿದೆವು.

ಲಾಟೀನು ಹಿಡಿದು ಏದುಸಿರಲ್ಲಿ ಹತ್ತಿ ಬಂದವಳು
ನ್ಯಾಗೊಂಡ್ವೆ. ಊರಿನ ಸೂಲಗಿತ್ತಿ,
ಭಾನುವಾರ ಮಕ್ಕಳಿಗೆ ವೇದಪಾಠ ಹೇಳುವಾಕೆ.
"ಲುಸುಂಗುವಿನ ಗಂಡ ಎಲ್ಲಿ? ನೆತ್ತಿನೀರು ಒಡೆದಿದೆ.
ದೀಪ ಹಿಡಿಯೋಕೆ ಒಂದು ಕೈ ಬೇಕು. ಇಳಿ."
"ಇವತ್ತೇ ಅಲ್ಲವೇ ಅಮ್ಮ, ಆ ದಿನ?"
"ಇರಬಹುದು. ಬರುವವನು ಆ ಗುಡಿಸಲಿಗೂ ಬರುತ್ತಾನೆ."

ಇಳಿದೆ. ನಾಚಿಕೆಯಿಂದಲ್ಲ, ಅವಳ ದನಿಗೆ ಹೆದರಿ.
ರಾತ್ರಿಯಿಡೀ ದೀಪ ಹಿಡಿದ ಕೈ ನಡುಗಿತು.
ಕೋಳಿ ಕೂಗುವ ಹೊತ್ತಿಗೆ ಶುಕ್ರವಾರ ಹುಟ್ಟಿತು,
ಅದರ ಬೆನ್ನಿಗೇ ಮಗಳು.

ಗುಡ್ಡದವರು ಒಬ್ಬೊಬ್ಬರಾಗಿ ಇಳಿದರು,
ಸೆರಗಿಗೆಲ್ಲ ಹುಲ್ಲುಮುಳ್ಳು.
ಕೂಡುವಾಗ ಒಂದು ಸೊನ್ನೆ ತಪ್ಪಿತ್ತಂತೆ ವೈಸನ್‌ಗೆ.
ಹೊಸ ತಾರೀಕಿನ ಹಿಂದೆ ಇಪ್ಪತ್ತು ಮಂದಿ ಹೋದರು.
ನಾನೋ, ಬಲೆ ಹೋದರೂ ಉಳಿದಿದ್ದ ಬಲೆಸೂಜಿಯಿಂದ
ನನ್ನ ಸತ್ಯವೇದದ ಪ್ರವಾದಿಗಳ ಹಾಳೆಗಳನ್ನೆಲ್ಲ
ನೈಲಾನ್ ದಾರದಲ್ಲಿ ಬಿಗಿಯಾಗಿ ಹೊಲಿದುಬಿಟ್ಟೆ.
ಇನ್ನು ಪ್ರಕಟನೆ ಬೇಡ, ಕೊಂಬು ಬೇಡ, ಕಹಳೆ ಬೇಡ.
ಒಳ್ಳೆಯವನಾಗಿದ್ದರೆ ಸಾಕು.

ಏಳನೆಯ ದಿನ ಬಾಣಂತಿಯನ್ನು ನೋಡಲು ಬಂದ ಮುದುಕಿ
ಆ ಪುಸ್ತಕ ಎತ್ತಿ ಹೊಲಿಗೆಯನ್ನು ಹೆಬ್ಬೆರಳಲ್ಲಿ ಸವರಿದಳು.
ಬೈಯಲಿಲ್ಲ. ಕೇಳಿದಳು:
"ಎಂಟು ತಿಂಗಳಿಗೆ ಲುಸುಂಗುವಿಗೆ ಸುಳ್ಳು ನೋವು ಬಂತಲ್ಲ,
ಬಸಿರೂ ಸುಳ್ಳೆಂದು ತೊಟ್ಟಿಲು ಸುಟ್ಟೆಯಾ?"

ನಾನು ಮಗುವಿನ ಮುಷ್ಟಿ ನೋಡುತ್ತ ಕುಳಿತೆ.

"ಈ ಕೈಗೆ ಕಲಿಸಿದವಳು ತನಗೆ ಕಲಿಸಿದವಳಿಂದ ಕಲಿತಳು.
ತಲೆ ಕಾಣುವ ಮುಂಚೆ ಎಳೆಯಬೇಡ,
ನೋವು ಶುರುವಾದ ಮೇಲೆ ಮಲಗಬೇಡ. ಇಷ್ಟೇ.
ಇದು ಹಳೆಯದಾಯಿತೆಂದು ತನ್ನದೇ ರೀತಿ ಹುಡುಕಿದವಳ ಗುರುತು
ಆಚೆ ಊರಲ್ಲಿದೆ: ಎರಡು ಮಣ್ಣದಿಬ್ಬ, ಒಂದು ಚಿಕ್ಕದು.
ಸ್ವಸ್ಥಬೋಧನೆ ಅಂತ ಓದುತ್ತೀರಿ, ಬಾಯಿಪಾಠ.
ಸ್ವಸ್ಥ ಅಂದರೇನು? ತಾಯಿ ಬದುಕಿ ಮಗು ಅಳುವುದು."

ಆಮೇಲೆ, ಹೊಕ್ಕುಳಬಳ್ಳಿ ಕೊಯ್ದ ಅದೇ ಬ್ಲೇಡಿನಿಂದ
ಹೊಲಿಗೆಯನ್ನು ಒಂದೊಂದೇ ಕತ್ತರಿಸಿದಳು.
ದಾರದ ತುಂಡುಗಳನ್ನು ಕೂಡಿಸಿ
ನನ್ನ ಅಂಗೈಗೆ ಕೊಟ್ಟಳು. ಬಲೆಗೆ ಬೇಕಾಗುತ್ತದೆ ಎಂದಳು.

ಈಗ ಬೇರೆಯವರ ಬಲೆ ಹೊಲಿಯುತ್ತೇನೆ, ಕೂಲಿಗೆ.
ರಾತ್ರಿ ಓದುವಾಗ ಆ ಹಾಳೆಗಳ ಅಂಚಿನಲ್ಲಿ
ಸೂಜಿಯ ತೂತುಗಳು ಸಾಲಾಗಿ ಕಾಣುತ್ತವೆ.
ಒಂದೆರಡು ಅಕ್ಷರ ಹೋಗಿವೆ. ಊಹಿಸಿ ತುಂಬುವುದಿಲ್ಲ,
ನೆರೆಯವನ ಪುಸ್ತಕ ತಂದು ನೋಡುತ್ತೇನೆ.

ಯಾವಾಗ ಎಂದು ಕೇಳುವುದನ್ನು ಬಿಟ್ಟಿದ್ದೇನೆ.
ಬರುತ್ತಾನೋ ಎಂದು ಕೇಳುವುದನ್ನೂ.
ಒಲೆಯ ಮೇಲೆ ನೀರು ಕಾಯುತ್ತಿದೆ,
ಬಾಗಿಲಲ್ಲಿ ನಾನು.